2009ಕ್ಕೆ ಹೋಗಿ ಬಂದ ಕಂಪ್ಯೂಟರ್

ನನ್ನದೊಂದು ಪುಟ್ಟ ಇಂಟರ್‌ಪ್ರಿಟರ್ ಉಂಟು. 'ಮುದ್ರಿಸು', 'ಇಲ್ಲದಿದ್ದರೆ' ಅಂತ ಕನ್ನಡದಲ್ಲೇ ಪ್ರೋಗ್ರಾಂ ಬರೆದರೆ ಅದು ಓದಿಕೊಂಡು ನಡೆಸುತ್ತದೆ. ಬಳಸುವವರು ಇಬ್ಬರು. ನಾನು, ಮತ್ತೆ ಮಂಗಳೂರಿನಲ್ಲಿ ಓದುವ ಅಕ್ಕನ ಮಗ. ಅವನೂ ದಾಕ್ಷಿಣ್ಯಕ್ಕೆ.

ಆಟಿ ತಿಂಗಳಲ್ಲಿ ಅವನ ಫೋನ್ ಬಂತು. "ಮಾವ, ಒಂದು ಸಲ ಮುದ್ರಿಸು ಅಂದರೆ ಎರಡು ಸಲ ಬರ್ತಾ ಉಂಟಲ್ಲ!"

ಉಡುಪಿಯಲ್ಲಿ ಧೋ ಅಂತ ಮಳೆ. ಕರೆಂಟ್ ಹೋಗಿ ಆಗಷ್ಟೇ ಬಂದಿತ್ತು, ನೆಟ್ ಇನ್ನೂ ಇರಲಿಲ್ಲ. ಕೋಡ್‌ನಲ್ಲಿ ಜಾಸ್ತಿ ಇದ್ದ ಸಾಲು ಹುಡುಕಿ ಅಳಿಸಿದೆ. ತಿದ್ದಿದ ಕೋಡ್‌ನಿಂದ ಪ್ರೋಗ್ರಾಂ ಮತ್ತೆ ಕಟ್ಟಿಕೊಡುವ 'ಮೇಕ್' ಎಂಬ ಆಜ್ಞೆ ಕೊಟ್ಟೆ. ಮಾಡುವಂಥದ್ದು ಏನೂ ಇಲ್ಲ, ಎಲ್ಲ ಸರಿಯಾಗಿಯೇ ಇದೆ ಎಂದಿತು. ನಡೆಸಿ ನೋಡಿದರೆ ಮತ್ತೆ ಎರಡೆರಡು! ಆ ಸಾಲು, ಈ ಸಾಲು ಅಂತ ಎರಡು ಗಂಟೆ ತಿದ್ದಿದೆ. ಕೊನೆಗೆ ಸಿಟ್ಟು ಬಂದು 'ಮುದ್ರಿಸು' ಫಂಕ್ಷನ್ನನ್ನೇ ಇಡಿಯಾಗಿ ತೆಗೆದುಹಾಕಿದೆ. ಆಗಲೂ ಎರಡು ಸಲ ಮುದ್ರಿಸಿತು. ಸ್ವಲ್ಪ ಹೆದರಿಕೆಯೇ ಆಯಿತು.

ಅಷ್ಟರಲ್ಲಿ ಅಮ್ಮ ಪತ್ರೊಡೆ ತಂದಿಟ್ಟು, "ಇವತ್ತು ಯಾವ ವಾರ ಮಾರಾಯ?" ಎಂದರು. ಪರದೆಯ ಮೂಲೆ ನೋಡಿ "ಗುರುವಾರ" ಎಂದೆ.

"ಎಂತ ಗುರುವಾರ? ಸೋಮವಾರ ಅಲ್ವಾ?"

ಸರಿಯಾಗಿ ನೋಡಿದೆ. 2009ರ ಜನವರಿ 1!

ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿತ್ತು. ಕರೆಂಟ್ ಹೋದದ್ದೇ ಗಡಿಯಾರ ಹಿಂದಕ್ಕೆ ಹೋಗಿತ್ತು. ಮೇಕ್‌ನ ಬುದ್ಧಿಯೆಲ್ಲ ತಾರೀಕಿನಲ್ಲಿ. ಕೋಡ್ ಹೊಸದು, ಅದರಿಂದಾದ ಫೈಲ್ ಹಳೆಯದು ಅಂತಾದರೆ ಮಾತ್ರ ಮತ್ತೆ ಕಂಪೈಲ್ ಮಾಡುತ್ತದೆ, ಅಂದರೆ ಕೋಡನ್ನು ಕಂಪ್ಯೂಟರ್ ನಡೆಸಬಲ್ಲ ಫೈಲಾಗಿ ಬದಲಿಸುತ್ತದೆ. ನಾನು ಈಗಷ್ಟೇ ತಿದ್ದಿದ ಕೋಡ್ ಅದರ ಲೆಕ್ಕದಲ್ಲಿ 2009ರದ್ದು.

ತಮಾಷೆ ಕೇಳಿ. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಮೇಕ್ ಬರೆದದ್ದೇ ಇಂಥ ಪೇಚು ತಪ್ಪಿಸಲಿಕ್ಕೆ. ಅವರ ಸಹೋದ್ಯೋಗಿಯೊಬ್ಬರು ತಪ್ಪು ತಿದ್ದಿ, ಕಂಪೈಲ್ ಮಾಡಲು ಮರೆತು, ಸರಿ ಇದ್ದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ಒಂದು ಬೆಳಗ್ಗೆ ಕಳೆದಿದ್ದರಂತೆ. ನಾನು ಮೇಕ್ ಇಟ್ಟುಕೊಂಡೇ ಅದನ್ನು ಸಾಧಿಸಿದೆ.

ತಾರೀಕು ಸರಿ ಮಾಡಿ, 'ಮೇಕ್ ಕ್ಲೀನ್' ಕೊಟ್ಟು ಹಳೆಯ ಕಂಪೈಲ್ ಆದ ಫೈಲ್‌ಗಳನ್ನು ಅಳಿಸಿ, ಮೊದಲಿಂದ ಕಟ್ಟಿಸಿದೆ. ಈಗ ಕಂಪೈಲೇ ಆಗಲಿಲ್ಲ. ಫಂಕ್ಷನ್ ಕಿತ್ತು ಹಾಕಿದ್ದೆನಲ್ಲ!

"ನಮ್ಮ ಗೋಡೆ ಗಡಿಯಾರ ಕರೆಂಟ್ ಹೋದರೂ ನಡೀತದೆ" ಎಂದು ಅಮ್ಮ ಒಳಗೆ ಹೋದರು.

ರಾತ್ರಿ ಎಲ್ಲ ಸರಿ ಮಾಡಿ, ಕೈಪಿಡಿಯಲ್ಲಿ ಮೊದಲ ಸಾಲಾಗಿ ಸೇರಿಸಿದೆ: 'ಮೇಕ್ ಕೊಡುವ ಮೊದಲು ಇವತ್ತಿನ ವಾರ, ತಾರೀಕು ನೋಡಿಕೊಳ್ಳಿ.'

ಬೆಳಗ್ಗೆ ಅಳಿಯನ ಫೋನ್. "ಮಾವ, ಇದು ಕೈಪಿಡಿಯಾ, ಪಂಚಾಂಗವಾ? ರಾಹುಕಾಲದಲ್ಲಿ ಕಂಪೈಲ್ ಮಾಡಬಹುದಾ?"