ಹಿಮದ ನಾಡಲ್ಲಿ ಸಿಮೆಂಟ್ ಹಾಲಿನ ರಿಪೇರಿ ನಡೆಯಲ್ಲ

ನಮ್ಮವರು ಹಿಮ ಬೀಳೋ ದೇಶಕ್ಕೆ ಬಂದು ಮನೆ ತಗೊಂಡ್ರೆ ಮೊದಲೆರಡು ಚಳಿಗಾಲ ಹೀಟರ್ರು, ಪೈಪು, ಕಿಟಕಿ ಸಂದು ಇವುಗಳ ಬಗ್ಗೆನೇ ತಲೆ ಕೆಡಿಸ್ಕೋತಾರೆ, ಕಾಂಕ್ರೀಟ್ ಕಡೆ ಯಾರೂ ತಿರುಗಿ ನೋಡಲ್ಲ. ನಮ್ಮ ತಲೇಲಿ ಕಾಂಕ್ರೀಟ್ ಅಂದ್ರೆ ಒಂದ್ಸಲ ಹಾಕಿದ್ರೆ ಮುಗೀತು, ಮೊಮ್ಮಕ್ಕಳ ಕಾಲಕ್ಕೂ ಇರತ್ತೆ ಅಂತ. ಆಮೇಲೆ ಯಾವ್ದೋ ಒಂದು ವರ್ಷ ಹಿಮ ಕರಗಿದ ಮೇಲೆ ನೋಡಿದ್ರೆ ಡ್ರೈವ್‌ವೇ ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಎದ್ದಿರತ್ತೆ, ಮೆಟ್ಟಿಲಿನ ಅಂಚು ಉದುರಿರತ್ತೆ, ನಡೆಯೋ ದಾರೀಲಿ ಒಂದು ಚಪ್ಪಡಿ ಪಕ್ಕದ್ದಕ್ಕಿಂತ ಬೆರಳಷ್ಟು ಮೇಲೆ ನಿಂತಿರತ್ತೆ. ಆಗ ಎಲ್ಲರ ಬಾಯಲ್ಲೂ ಬರೋ ಮೊದಲ ಮಾತು, ಕಂಟ್ರಾಕ್ಟರ್ ಸಿಮೆಂಟ್ ಕದ್ದಿದಾನೆ ಅಂತ. ಎರಡನೇ ಮಾತು, ಒಂದು ಬಕೆಟ್ ಸಿಮೆಂಟನ್ನ ಹಾಲಿನ ಹಾಗೆ ನೀರಾಗಿ ಕಲೆಸಿ ಬಳಿದುಬಿಡೋಣ ಅಂತ. ಮೊದಲನೇದು ಒಮ್ಮೊಮ್ಮೆ ನಿಜ ಇರಬಹುದು. ಎರಡನೇದು ಮಾತ್ರ ಇಲ್ಲಿ ದುಡ್ಡು ದಂಡ ಅಂತ ನಾನು ಸಿಕ್ಕಿದವರಿಗೆಲ್ಲಾ ಹೇಳ್ತಾನೇ ಇರ್ತೀನಿ.

ಕಾಂಕ್ರೀಟ್ ನೋಡಕ್ಕೆ ಬಂಡೆ ಥರ ಇದ್ರೂ ಒಳಗೆಲ್ಲಾ ಕಣ್ಣಿಗೆ ಕಾಣದ ರಂಧ್ರಗಳ ಜಾಲ. ಕಲೆಸುವಾಗ ಸಿಮೆಂಟಿಗೆ ಬೇಕಾದ್ದಕ್ಕಿಂತ ಜಾಸ್ತಿ ಸುರಿದ ನೀರು ಆವಿಯಾಗಿ ಹೋದಾಗ ಬಿಟ್ಟುಹೋದ ಜಾಗ ಅದು. ಮಳೆ ನೀರೋ ಕರಗಿದ ಹಿಮವೋ ಅದರೊಳಗೆ ಇಳಿಯತ್ತೆ, ರಾತ್ರಿ ಹೆಪ್ಪುಗಟ್ಟತ್ತೆ, ಹೆಪ್ಪುಗಟ್ಟಿದ ನೀರು ಸುಮಾರು 9 ಪರ್ಸೆಂಟ್ ಹಿಗ್ಗತ್ತೆ, ಫ್ರೀಜರಲ್ಲಿ ಬಾಯ್ತುಂಬ ನೀರು ಹಾಕಿಟ್ಟ ಗಾಜಿನ ಬಾಟಲಿ ಒಡೆಯೋದು ಹೇಗೋ ಹಾಗೇ ಇದೂ. ಆದ್ರೆ ರಂಧ್ರಗಳು ಹೆಚ್ಚುಕಮ್ಮಿ ಪೂರ್ತಿ ತುಂಬಿದ್ರೆ ಮಾತ್ರ ಈ ಒತ್ತಡ. ಒಣಗಿರೋ ಕಾಂಕ್ರೀಟ್ ಮೈನಸ್ 30ರಲ್ಲೂ ಸುಮ್ನೆ ಕೂತಿರತ್ತೆ, ಅದಕ್ಕೇ ನೋಡಿ ಗೋಡೆಗಳು ಅಷ್ಟಾಗಿ ಹಾಳಾಗಲ್ಲ, ನೀರು ನಿಲ್ಲೋ ನೆಲ, ಮೆಟ್ಟಿಲು, ತಾರಸಿ ನೀರಿನ ಪೈಪು ಬಂದು ಬೀಳೋ ಜಾಗ ಇವೇ ಮೊದಲು ಹೋಗೋದು. ಇನ್ನೊಂದು ವಿಷಯ ಜನಕ್ಕೆ ಉಲ್ಟಾ ಅನ್ಸತ್ತೆ: ಚಳಿಗಾಲ ಪೂರ್ತಿ ಮೈನಸ್ 25ರಲ್ಲೇ ಇರೋ ಊರಿಗಿಂತ, ಹಗಲು ಸೊನ್ನೆ ಮೇಲೆ ರಾತ್ರಿ ಸೊನ್ನೆ ಕೆಳಗೆ ಅಂತ ತೂಗಾಡೋ ಊರಲ್ಲೇ ಹಾನಿ ಜಾಸ್ತಿ, ಯಾಕಂದ್ರೆ ಕರಗಿ ಮತ್ತೆ ಗಟ್ಟಿಯಾಗೋ ಪ್ರತಿ ಸುತ್ತೂ ಒಂದೊಂದು ಪೆಟ್ಟು.

ನಮ್ಮ ಕಡೇನೂ ನೀರೇ ಶತ್ರು, ಆದ್ರೆ ಅಲ್ಲಿ ಅದು ನಿಧಾನಕ್ಕೆ ಒಳಗಿಳಿದು ಕಂಬಿಗೆ ತುಕ್ಕು ಹಿಡಿಸಿ, ತುಕ್ಕು ಊದಿ, ಸಜ್ಜದ ಕೆಳಗಿನ ಚಕ್ಕೆ ಬೀಳೋದಕ್ಕೆ ಎಷ್ಟೋ ವರ್ಷ ಬೇಕು. ಇಲ್ಲಿ ಕಂಬೀನೇ ಇಲ್ಲದ ನೆಲ ಒಂದೇ ಚಳಿಗಾಲಕ್ಕೆ ಕಿತ್ತು ಬರಬಹುದು. ಹಾಗಾಗಿ ಎರಡೂ ಕಡೆಯ ಕೆಲಸಗಾರರು ಬೇರೆ ಬೇರೆ ವಿಷಯಕ್ಕೆ ಹೆದರ್ತಾರೆ, ಇದು ನನಗೆ ಮಜಾ ಅನ್ಸೋದು.

ನಮ್ಮ ಮೇಸ್ತ್ರಿಗೆ ಕಾಂಕ್ರೀಟ್ ಒಳಗೆ ಗಾಳಿ ಅಂದ್ರೆ ಆಗಲ್ಲ, ವೈಬ್ರೇಟರ್ ಇಟ್ಟು ಇಟ್ಟು ಹೊರಗೆ ಓಡಿಸ್ತಾನೆ, ಹನಿಕೋಂಬ್, ಅಂದ್ರೆ ಜೇನುಗೂಡಿನಂಥ ಪೊಳ್ಳು ಗುಂಡಿ, ಬಂದ್ರೆ ಮರ್ಯಾದೆ ಹೋಯ್ತು ಅಂತ. ಇಲ್ಲಿ ರೆಡಿಮಿಕ್ಸ್ ಪ್ಲಾಂಟಲ್ಲೇ ಬೇಕು ಅಂತ ಗಾಳಿ ಸೇರಿಸ್ತಾರೆ! 1930ರ ದಶಕದಲ್ಲಿ ಅಮೆರಿಕದಲ್ಲಿ ಕೆಲವು ಕಾಂಕ್ರೀಟ್ ರಸ್ತೆಗಳು ಹಿಮಕ್ಕೆ ಬಗ್ಗದೆ ಉಳ್ಕೊಂಡಿದ್ದು ಕಂಡು ಯಾಕೆ ಅಂತ ಹುಡುಕಿದ್ರೆ, ಸಿಮೆಂಟ್ ಅರೆಯುವಾಗ ಸೇರಿದ್ದ ಕೊಬ್ಬಿನಂಥ ಪದಾರ್ಥದಿಂದ ಒಳಗೆ ಕೋಟಿಗಟ್ಟಲೆ ಸೂಕ್ಷ್ಮ ಗುಳ್ಳೆ ಹುಟ್ಟಿದ್ವಂತೆ. ಹೆಪ್ಪುಗಟ್ಟೋ ನೀರಿಗೆ ಹಿಗ್ಗಕ್ಕೆ ಈ ಗುಳ್ಳೆಗಳೇ ಜಾಗ. ಗಾತ್ರದ ಲೆಕ್ಕದಲ್ಲಿ 5ರಿಂದ 7 ಪರ್ಸೆಂಟ್ ಗಾಳಿ ಇದ್ರೆ ಸಾಕು, ಆದ್ರೆ ಗುಳ್ಳೆಗಳು ತುಂಬಾ ಸಣ್ಣಕ್ಕೆ, ಸುಮಾರು 0.2 ಮಿಲಿಮೀಟರ್ ಒಳಗಿನ ಅಂತರದಲ್ಲಿ ಹರಡಿರಬೇಕು, ಹನಿಕೋಂಬಿನ ಗುಂಡಿಗೂ ಇದಕ್ಕೂ ಸಂಬಂಧ ಇಲ್ಲ. ಒಂದೊಂದು ಪರ್ಸೆಂಟ್ ಗಾಳಿಗೂ ಬಲ ಸುಮಾರು 5 ಪರ್ಸೆಂಟ್ ಕಮ್ಮಿ ಆಗತ್ತೆ, ಅದನ್ನ ಸಿಮೆಂಟ್ ಜಾಸ್ತಿ ಮಾಡಿ ನೀರು ಕಮ್ಮಿ ಮಾಡಿ ಸರಿದೂಗಿಸ್ತಾರೆ. ಬಲಾನೇ ಎಲ್ಲಾ ಅಂತ ಕಲಿತು ಬಂದ ನಮ್ಮ ಸಿವಿಲ್ ಇಂಜಿನಿಯರ್ ಗೆಳೆಯರಿಗೆ ಇದು ಗಂಟಲಲ್ಲಿ ಇಳಿಯಕ್ಕೆ ಸ್ವಲ್ಪ ಟೈಮ್ ಬೇಕು.

ಕ್ಯೂರಿಂಗ್, ಅಂದ್ರೆ ಹೊಸ ಕಾಂಕ್ರೀಟನ್ನ ಒಣಗಕ್ಕೆ ಬಿಡದೆ ನೆನೆಸಿಡೋ ವಿಷಯದಲ್ಲಿ ಮಾತ್ರ ನಾನು ಕಣ್ಮುಚ್ಚಿ ನಮ್ಮವರ ಪರ. ಮೋಲ್ಡ್ ಹಾಕಿದ ಮಾರನೇ ದಿನವೇ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಸೋದು, ಪಿಲ್ಲರಿಗೆ ಗೋಣಿಚೀಲ ಸುತ್ತಿ ಬೆಳಿಗ್ಗೆ ಸಂಜೆ ನೆನೆಸೋದು, ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಕೂಡ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿ ಒಣ ಹವೆ ಇದ್ರೆ ಅಥವಾ ಹಾರುಬೂದಿ ಥರದ್ದು ಸೇರಿದ್ರೆ 10 ದಿನ ಅಂತ ಹೇಳತ್ತೆ. ಇಲ್ಲಿ ಮನೆ ಕೆಲಸಕ್ಕೆ ಬರೋ ಎಷ್ಟೋ ಜನ ಸುರಿದು, ಪೊರಕೆ ಎಳೆದು, ತುಂಬಾ ಅಂದ್ರೆ ಮೇಲೊಂದು ತೇವ ಆರದಂತೆ ತಡೆಯೋ ಕ್ಯೂರಿಂಗ್ ಕಾಂಪೌಂಡ್ ಸ್ಪ್ರೇ ಹೊಡೆದು ಗಾಡಿ ಹತ್ತಿಬಿಡ್ತಾರೆ. ಹಾಗಂತ ಗೋಣಿಚೀಲದ ಪದ್ಧತೀನ ಹಾಗೇ ಇಲ್ಲಿಗೆ ಎತ್ತಿ ತರಕ್ಕೂ ಆಗಲ್ಲ. ಚಳಿ ಶುರುವಾಗೋ ಹೊತ್ತಿಗೆ ಹಾಕಿದ ಕಾಂಕ್ರೀಟಿಗೆ ನೀರು ನಿಲ್ಸಿದ್ರೆ ಅದು ನೆನೆದಿರುವಾಗಲೇ ಹೆಪ್ಪುಗಟ್ಟತ್ತೆ, ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ 4 ಡಿಗ್ರಿ ಅಂತ, ನಮ್ಮ ಐಎಸ್ 7861 5 ಡಿಗ್ರಿ ಅಂತ ಗೆರೆ ಎಳೆದು ಅದರ ಕೆಳಗೆ ಹೋದ್ರೆ ಬೇರೆ ಜಾಗ್ರತೆ ಬೇಕು ಅಂತಾವೆ. ಹಸಿ ಕಾಂಕ್ರೀಟ್ ಸುಮಾರು 3.5 ಮೆಗಾಪ್ಯಾಸ್ಕಲ್ ಬಲ ಬರೋ ಮುಂಚೆ ಒಂದೇ ಒಂದು ಸಲ ಹೆಪ್ಪುಗಟ್ಟಿದ್ರೂ ಆಮೇಲೆ ಅದು ಜನ್ಮಕ್ಕೂ ಸರಿ ಹೋಗಲ್ಲ. ಅದಕ್ಕೆ ಕಂಬಳಿ ಹೊದಿಸ್ತಾರೆ, ಇಲ್ಲಾ ಬೇಸಿಗೇಲೇ ಹಾಕಿಸ್ತಾರೆ, ಎರಡನೇದೇ ವಾಸಿ, ನೆನೆಸಕ್ಕೂ ಟೈಮ್ ಸಿಗತ್ತೆ ಚಳಿಗೆ ಮುಂಚೆ ಒಣಗಕ್ಕೂ ಸಿಗತ್ತೆ.

ಇನ್ನು ಫಿನಿಶಿಂಗ್. ನೆಲದ ಮೇಲೆ ಒಣ ಸಿಮೆಂಟ್ ಪುಡಿ ಉದುರಿಸಿ, ನೀರು ಚಿಮುಕಿಸಿ, ಕರಣೆ ಎಳೆದು ಕನ್ನಡಿ ಥರ ಮಾಡೋದು ನಮ್ಮಲ್ಲಿ ಒಳ್ಳೇ ಕೈ ಅನ್ನಿಸ್ಕೊಳ್ಳತ್ತೆ, ಮನೆಯೊಳಗಿನ ನೆಲಕ್ಕೆ ಪರವಾಗಿಲ್ಲ. ಹಿಮ ಬೀಳೋ ಕಡೆ ಅಂಗಳಕ್ಕೆ ಇದು ಶುದ್ಧ ವಿಷ. ಹಾಕಿದ ಮೇಲೆ ತಾನಾಗೇ ಮೇಲೆ ಬರೋ ನೀರು ಹೋಗೋ ಮುಂಚೆನೇ ಉಜ್ಜಿದ್ರೆ ಅಥವಾ ಮೇಲೆ ನೀರು ಎರಚಿ ಉಜ್ಜಿದ್ರೆ ಮೇಲಿನ ಎರಡು ಮೂರು ಮಿಲಿಮೀಟರ್ ಪದರದಲ್ಲಿ ನೀರು ಜಾಸ್ತಿ ಆಗಿ, ಗುಳ್ಳೆಗಳೂ ಹೋಗಿ, ಅದೇ ಪದರ ಹಪ್ಪಳದ ಹಾಗೆ ಎದ್ದು ಬರೋದು. ಒಳಗಿನ ಕಾಂಕ್ರೀಟ್ ಗಟ್ಟಿಮುಟ್ಟಾಗೇ ಇರತ್ತೆ, ಜನ ಮಾತ್ರ ಮಿಕ್ಸೇ ಸರಿಯಿಲ್ಲ ಅಂತ ಬೈತಾರೆ. ಪೊರಕೆ ಎಳೆದ ಒರಟು ನೆಲ ನೋಡಕ್ಕೆ ಅರ್ಧಂಬರ್ಧ ಕೆಲಸದ ಹಾಗೆ ಕಂಡ್ರೂ ಅದೇ ಸರಿ, ಜಾರೋದೂ ಇಲ್ಲ.

ಉಪ್ಪು. ಮಂಜುಗಡ್ಡೆ ಕರಗಿಸಕ್ಕೆ ಕಾಲುದಾರಿಗೆಲ್ಲಾ ಉಪ್ಪು ಎರಚೋದು ಇಲ್ಲಿಯವರ ಅಭ್ಯಾಸ, ಇದು ನನಗೆ ಒಪ್ಪಿಗೆ ಇಲ್ಲ. ಸಾದಾ ಉಪ್ಪು ಮೈನಸ್ 9 ಡಿಗ್ರಿ ಆಸುಪಾಸಿನವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡೋದು, ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ತುಂಬಾ ಕೆಳಗಿನವರೆಗೆ ಮಾಡತ್ತೆ. ಆದ್ರೆ ಉಪ್ಪು ಹಾಕಿದ ಕಾಂಕ್ರೀಟ್ ಒಣಗೋದೇ ಇಲ್ಲ, ತೇವ ಹಿಡ್ಕೊಂಡೇ ಕೂರತ್ತೆ, ಜೊತೆಗೆ ಸುಮ್ನೆ ಗಡ್ಡೆಯಾಗಿ ಇರ್ತಿದ್ದ ನೀರನ್ನ ಕರಗಿಸಿ ಮತ್ತೆ ಹೆಪ್ಪುಗಟ್ಟೋ ಸುತ್ತುಗಳನ್ನ ನಾವೇ ಜಾಸ್ತಿ ಮಾಡಿದ ಹಾಗೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡುಗಳು ಸಿಮೆಂಟಿನ ಸುಣ್ಣದ ಅಂಶದ ಜೊತೆ ಸೇರಿ ಬೇರೆ ಥರದ ಹಾನೀನೂ ಮಾಡ್ತಾವೆ. ಅಮೋನಿಯಂ ಸಲ್ಫೇಟ್, ಅಮೋನಿಯಂ ನೈಟ್ರೇಟ್ ಇರೋ ಗೊಬ್ಬರ ಎರಚೋರೂ ಇದಾರೆ, ಅದು ಕಾಂಕ್ರೀಟನ್ನ ನೇರವಾಗಿ ತಿಂದು ಹಾಕತ್ತೆ, ಹತ್ರಾನೂ ಸೇರಿಸಬೇಡಿ. ಜಾರಬಾರದು ಅನ್ನೋದೊಂದೇ ಉದ್ದೇಶ ಇದ್ರೆ ಮರಳು ಸಾಕು. ನೀವು ಒಂದು ಚಿಟಿಕೆ ಉಪ್ಪು ಹಾಕದೆ ಇದ್ರೂ ರಸ್ತೆಯ ಉಪ್ಪುನೀರು ಕಾರಿನ ಅಡಿಯಿಂದ ತೊಟ್ಟಿಕ್ಕಿ ಗ್ಯಾರೇಜ್ ನೆಲ ಚಕ್ರದ ಕೆಳಗೇ ಕಿತ್ತಿರೋದನ್ನ ಎಷ್ಟೋ ಮನೇಲಿ ನೋಡಬಹುದು, ಆಗಾಗ ಆ ಕೆಸರನ್ನ ಹೊರಗೆ ತಳ್ಳಿಬಿಡಬೇಕು.

ಈಗ ರಿಪೇರಿಗೆ ಬರೋಣ. ಬಿರುಕು ಕಂಡ ತಕ್ಷಣ ಸಿಮೆಂಟ್ ಹಾಲು ಸುರಿಯೋದು, ಚಕ್ಕೆ ಎದ್ದ ಕಡೆ ತೆಳ್ಳಗೆ ಗಾರೆ ಬಳಿಯೋದು ನಮ್ಮ ರಕ್ತದಲ್ಲೇ ಇದೆ. ನಮ್ಮ ಕಡೆ ಅದು ಒಂದೆರಡು ಮಳೆಗಾಲ ತಳ್ಳತ್ತೆ ಅಂತಾನೇ ಇಟ್ಕೊಳ್ಳಿ, ಇಲ್ಲಿ ಹಳೇ ಮೈಗೆ ಅಂಟದ ಆ ತೆಳು ಪದರದ ಕೆಳಗೆ ನೀರು ಸೇರ್ಕೊಂಡು ಮೊದಲ ಚಳಿಗೇ ಅದನ್ನ ಎತ್ತಿ ಬಿಸಾಕತ್ತೆ. ಸರಿಯಾದ ಕೆಲಸದಲ್ಲಿ ಮುಕ್ಕಾಲು ಪಾಲು ಕೀಳೋದೇ. ಸುತ್ತಿಗೇಲಿ ತಟ್ಟುತ್ತಾ ಹೋದ್ರೆ ಪೊಳ್ಳು ಸದ್ದು ಬರೋ ಕಡೆಯೆಲ್ಲಾ ಗಟ್ಟಿ ಸಿಗೋವರೆಗೆ ಕಿತ್ತು ಹಾಕಬೇಕು, ಅಂಚನ್ನ ಇಳಿಜಾರಾಗಿ ಸೊನ್ನೆಗೆ ತರದೆ ಗ್ರೈಂಡರಲ್ಲಿ ನೇರವಾಗಿ ಕತ್ತರಿಸಬೇಕು, ಪ್ರೆಷರ್ ವಾಷರಲ್ಲಿ ಧೂಳು ಉಪ್ಪು ಎಣ್ಣೆ ಎಲ್ಲಾ ತೊಳೀಬೇಕು, ಆಮೇಲೆ ಮೈ ಒದ್ದೆ ಇರಬೇಕು ಆದ್ರೆ ಮೇಲೆ ನೀರು ನಿಂತಿರಬಾರದು, ಅಂಥಾ ಸ್ಥಿತೀಲಿ ಪಾಲಿಮರ್ ಸೇರಿಸಿದ ರಿಪೇರಿ ಗಾರೆ ಹಾಕಬೇಕು. ಹವೆ 10 ಡಿಗ್ರಿ ಮೇಲಿದ್ದು ಮುಂದಿನ ಕೆಲವು ರಾತ್ರೀನೂ ಸೊನ್ನೆಗೆ ಇಳಿಯದೆ ಇದ್ರೆ ಮಾತ್ರ. ಹಳೇ ಜಾಯಿಂಟ್, ಅಂದ್ರೆ ಬೇಕಂತಲೇ ಬಿಟ್ಟ ಸಂದು, ಇದ್ದ ಕಡೆ ಹೊಸ ಗಾರೇಲೂ ಅದೇ ಜಾಗದಲ್ಲಿ ಜಾಯಿಂಟ್ ಬಿಡಬೇಕು, ಮುಚ್ಚಿದ್ರೆ ಅಲ್ಲೇ ಒಡೆಯತ್ತೆ.

ಬಿರುಕು ಅಲ್ಲಾಡ್ತಿದೆಯಾ ಇಲ್ವಾ ಅನ್ನೋದೇ ಮುಖ್ಯ ಪ್ರಶ್ನೆ. ಎರಡೂ ತುದೀಲಿ ಪೆನ್ಸಿಲಲ್ಲಿ ಗುರುತು ಹಾಕಿ ತಾರೀಕು ಬರೆದಿಟ್ಟು ಒಂದು ಋತು ಕಾಯ್ರಿ. ಅಲ್ಲಾಡೋ ಬಿರುಕಿಗೆ ಗಟ್ಟಿ ಪದಾರ್ಥ ತುಂಬಿದ್ರೆ ಪಕ್ಕದಲ್ಲೇ ಹೊಸದು ಹುಟ್ಟತ್ತೆ, ಅದಕ್ಕೆ ಒಳಗೊಂದು ಫೋಮ್ ಹಗ್ಗ ತುರುಕಿ ಮೇಲೆ ರಬ್ಬರಿನ ಹಾಗೆ ಎಳೆದ್ರೆ ಹಿಗ್ಗೋ ಪಾಲಿಯುರೆಥೇನ್ ಸೀಲೆಂಟ್ ತುಂಬೋದು. ನಿಂತುಹೋದ, ಒಣಗಿರೋ ಬಿರುಕಿಗೆ ಗಟ್ಟಿಯಾಗಿ ಕೂರೋ ಎಪಾಕ್ಸಿ ಅಂಟು. ಬೇಸ್‌ಮೆಂಟ್ ಗೋಡೆ ಸೋರೋ ಬಿರುಕಿಗೆ ಒಳಗೆ ಪಾಲಿಯುರೆಥೇನ್ ಇಂಜೆಕ್ಷನ್. ಆದ್ರೆ ಗೋಡೇಲಿ ಅಡ್ಡಕ್ಕೆ ಬಿರುಕು ಬಿಟ್ಟು ಒಳಕ್ಕೆ ಉಬ್ಬಿದ್ರೆ ಹೊರಗಿನ ಮಣ್ಣು ತಳ್ತಿದೆ ಅಂತ, ಆಗ ಟ್ಯೂಬು ಕೆಳಗಿಟ್ಟು ಇಂಜಿನಿಯರನ್ನ ಕರೀರಿ.

ಮೇಲೆದ್ದ ಚಪ್ಪಡಿ ಬಗ್ಗೆ ಅವಸರ ಬೇಡ. ನುಣುಪು ಮಣ್ಣು ಕೆಳಗಿನಿಂದ ನೀರು ಹೀರಿ ಹೀರಿ ಒಳಗೆ ಮಂಜುಗಡ್ಡೆ ಪದರ ಬೆಳೆಸತ್ತೆ, ಅದು ನೆಲಾನೇ ಎತ್ತತ್ತೆ, ಎಷ್ಟೋ ಸಲ ಮಣ್ಣು ಪೂರ್ತಿ ಕರಗಿದ ಮೇಲೆ ಚಪ್ಪಡಿ ವಾಪಸ್ ತನ್ನ ಜಾಗಕ್ಕೇ ಬರತ್ತೆ. ಮನೆ ಪಾಯ ಮಣ್ಣು ಹೆಪ್ಪುಗಟ್ಟೋ ಆಳಕ್ಕಿಂತ ಕೆಳಗಿರತ್ತೆ, ಅಂಗಳದ್ದು ಇರಲ್ಲ, ಅದಕ್ಕೆ ಎರಡೂ ಬೇರೆ ಬೇರೆ ಅಲ್ಲಾಡ್ತಾವೆ. ಕುಸಿದು ಹಾಗೇ ಉಳಿದ ಚಪ್ಪಡಿಗೆ ತೂತು ಕೊರೆದು ಕೆಳಗೆ ಸಿಮೆಂಟ್ ಮಣ್ಣಿನ ಕೆಸರನ್ನೋ ಫೋಮನ್ನೋ ಪಂಪ್ ಮಾಡಿ ಎತ್ತೋ ಪದ್ಧತಿ ಇಲ್ಲಿ ಚೆನ್ನಾಗಿದೆ, ಒಡೆದು ಹೊಸದು ಹಾಕೋದಕ್ಕಿಂತ ಎಷ್ಟೋ ಸಲೀಸು. ಆದ್ರೆ ತಾರಸಿ ನೀರು ಅಲ್ಲೇ ಬಂದು ಬೀಳ್ತಿದ್ರೆ ಏನು ಪಂಪ್ ಮಾಡಿದ್ರೂ ಮತ್ತೆ ಕುಸಿಯತ್ತೆ, ಮೊದಲು ಆ ಪೈಪನ್ನ ದೂರ ತಿರುಗಿಸಿ, ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಮನೆಯಿಂದ ಆಚೆಗೆ ಇದೆಯಾ ನೋಡಿ. ಇದನ್ನ ಹೇಳೋ ರಿಪೇರಿಯವರು ಕಮ್ಮಿ, ಅವರಿಗೇನು, ಮತ್ತೆ ಕರೀತೀರಲ್ಲ.

ನೀರು ತಡೆಯೋ ಸೀಲರ್ ಹೊಡೆಸೋದಾದ್ರೆ ಹೊಳೆಯೋ ಅಕ್ರಿಲಿಕ್ ಬೇಡ, ಅದು ಮೇಲೆ ಪೊರೆ ಕಟ್ಟಿ ಕೆಳಗಿನ ತೇವಾನ ಒಳಗೇ ಹಿಡಿದಿಡಬಹುದು, ಒದ್ದೆಯಾದ್ರೆ ಜಾರತ್ತೆ ಬೇರೆ. ಸಿಲೇನ್ ಅಥವಾ ಸಿಲೋಕ್ಸೇನ್ ಒಳಗಿಳಿಯತ್ತೆ, ಹೊರಗಿನ ನೀರು ತಡೆದು ಒಳಗಿನ ಆವಿ ಬಿಡತ್ತೆ. ಚಳಿಗೆ ಮುಂಚೆ, ಕೆಲವು ದಿನ ಒಣ ಬಿಸಿಲು ಬಿದ್ದ ಮೇಲೆ ಹೊಡೀಬೇಕು, ಕೆಲವು ವರ್ಷಕ್ಕೊಮ್ಮೆ ಮತ್ತೆ. ಈಗಾಗ್ಲೇ ಕೆಟ್ಟು ಕೂತ ಕಾಂಕ್ರೀಟನ್ನ ಇದು ಸರಿ ಮಾಡಲ್ಲ.

ಹಾನಿ ದಪ್ಪದ ಮೂರನೇ ಒಂದು ಭಾಗ ದಾಟಿದ್ರೆ ಅಥವಾ ಕೆಳಗಿನ ಜಲ್ಲಿ ಹಾಸೇ ಕೊಚ್ಚಿ ಹೋಗಿದ್ರೆ ತೇಪೆ ಮೇಲೆ ತೇಪೆ ಬೇಡ, ಒಡೆಸಿಬಿಡಿ. ಹೊಸದಕ್ಕೆ ಹೇಳುವಾಗ ಗಾಳಿ ಸೇರಿಸಿದ ಮಿಕ್ಸ್, 30 ಮೆಗಾಪ್ಯಾಸ್ಕಲ್ ಆಸುಪಾಸಿನ ಬಲ, ನೀರು ಸಿಮೆಂಟಿನ ಅನುಪಾತ 0.45 ಮೀರಬಾರದು ಅಂತ ಬರೆಸಿ, ಲಾರಿ ಬಂದಾಗ ಚೀಟೀಲಿ ಅದೇ ಇದೆಯಾ ನೋಡಿ, ಮೊದಲ ಚಳಿಗಾಲ ಉಪ್ಪು ಮುಟ್ಟಿಸಬೇಡಿ. ಲಾರಿಯಿಂದ ಇಳಿಸುವಾಗ ಗಟ್ಟಿಯಾಯ್ತು ಸ್ವಲ್ಪ ನೀರು ಬಿಡ್ಲಾ ಅಂತ ಒಬ್ಬ ಕೇಳೇ ಕೇಳ್ತಾನೆ, ನಮ್ಮ ಕಡೇನೂ ಕೇಳ್ತಾನೆ ಇಲ್ಲೂ ಕೇಳ್ತಾನೆ. ಬೇಡ ಅನ್ನಿ, ಬೇಕಾದ್ರೆ ನೀರು ಸೇರಿಸದೆ ಸಡಿಲ ಮಾಡೋ ಪ್ಲಾಸ್ಟಿಸೈಸರ್ ಹಾಕು ಅನ್ನಿ.