ಮೀಥೇನ್ ಮೆಥನಾಲ್ ಆಗಿ ನಿಲ್ಲಬೇಕು

ಭದ್ರಾ ನಾಲೆಗೆ ನೀರು ಬಿಟ್ಟರೆ ದಾವಣಗೆರೆ ಸುತ್ತಮುತ್ತ ಭತ್ತದ ನಾಟಿ ಶುರು. ನೀರು ನಿಂತ ಕೆಸರಿನೊಳಗೆ ಗಾಳಿ ಆಡುವುದಿಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಎಂಬ ಉರಿಯುವ ಅನಿಲ ಹುಟ್ಟಿಸುತ್ತವೆ. ಅದೇ ಗದ್ದೆಯಲ್ಲಿ, ಬೇರಿನ ಪಕ್ಕ ಸ್ವಲ್ಪ ಆಮ್ಲಜನಕ ಸಿಗುವ ಕಡೆ, ಬೇರೆ ಬ್ಯಾಕ್ಟೀರಿಯಾಗಳು ಆ ಮೀಥೇನನ್ನೇ ತಿಂದು ಬದುಕುತ್ತವೆ. ಮೊದಲು ಅದನ್ನು ಮೆಥನಾಲ್ ಮಾಡಿಕೊಳ್ಳುತ್ತವೆ, ಅಂದರೆ ಇಂಧನವಾಗಿಯೂ ಬಳಸಬಹುದಾದ ಒಂದು ದ್ರವ. ಕಾಯಿಸುವ ಮಾತೇ ಇಲ್ಲ. ತಾಮ್ರವೋ ಕಬ್ಬಿಣವೋ ಇರುವ ಒಂದು ಕಿಣ್ವ ಸಾಕು!

ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ ಸುತ್ತು ದಾರಿ. ನಿಕ್ಕಲ್ ವೇಗವರ್ಧಕದ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಮೇಲೆ ಮೀಥೇನ್ ಮತ್ತು ಹಬೆಯನ್ನು 700ರಿಂದ 1000 ಡಿಗ್ರಿಗೆ ಕಾಯಿಸಿ ಒಡೆಯುತ್ತಾರೆ. ಆ ತುಣುಕುಗಳನ್ನು ಮತ್ತೆ ಜೋಡಿಸಿ ಮೆಥನಾಲ್ ಮಾಡುತ್ತಾರೆ. ಇದಕ್ಕೆ ದೊಡ್ಡ ಘಟಕವೇ ಬೇಕು. ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಸಿಗುವ ಮೀಥೇನನ್ನು ಸುಮ್ನೆ ಸುಡುತ್ತಾರೆ, ಇಲ್ಲವೇ ಗಾಳಿಗೆ ಬಿಡುತ್ತಾರೆ. ಗಾಳಿಗೆ ಸೇರಿದರೆ 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ.

ಅದಕ್ಕೇ ಕಡಿಮೆ ಬಿಸಿಯಲ್ಲಿ ದುಡಿಯುವ ವೇಗವರ್ಧಕದ ಸಂಶೋಧನೆ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಆದರೆ 'ಎಷ್ಟು ಡಿಗ್ರಿಗೆ ಒಡೆಯಿತು?' ಎಂದಷ್ಟೇ ಕೇಳಿ ನಾವು ಸುಮ್ಮನಾಗಬಾರದು. ಒಡೆದದ್ದರಲ್ಲಿ ಎಷ್ಟು ಮೆಥನಾಲ್ ಆಗಿ ಉಳಿಯಿತು? ಅಸಲು ಕಷ್ಟ ಅಲ್ಲಿದೆ. ಮೀಥೇನ್‌ನಿಂದ ಒಂದು ಹೈಡ್ರೋಜನ್ ಕೀಳಲು ಮೋಲ್‌ಗೆ ಸುಮಾರು 439 ಕಿಲೋಜೂಲ್ ಬೇಕು, ಮೆಥನಾಲ್‌ನ ಇಂಗಾಲದಿಂದ ಕೀಳಲು 402 ಸಾಕು. ಅಂದರೆ ಮೀಥೇನನ್ನು ಮಣಿಸುವಷ್ಟು ಚುರುಕಾದ ವೇಗವರ್ಧಕ ಮೆಥನಾಲನ್ನು ಇನ್ನೂ ಸುಲಭವಾಗಿ ಹಾಳು ಮಾಡುತ್ತದೆ. ನಮ್ಮೂರ ಮಂಡಕ್ಕಿ ಭಟ್ಟಿಯಲ್ಲೂ ಹಾಗೇ ಅಲ್ವಾ, ಅರಳಿದ ಕೂಡಲೇ ಕಾದ ಮರಳಿಂದ ತೆಗೆಯದಿದ್ದರೆ ಕರಕಲು.

1998ರಲ್ಲಿ ರಸಾಯನ ವಿಜ್ಞಾನಿ ರಾಯ್ ಪೆರಿಯಾನಾ ಅವರ ತಂಡ ಪ್ಲಾಟಿನಂ ಸಂಯುಕ್ತವನ್ನು ಗಾಢ ಗಂಧಕಾಮ್ಲದಲ್ಲಿ ಬಳಸಿ, ಸುಮಾರು 220 ಡಿಗ್ರಿಯಲ್ಲಿ ಶೇ. 70ಕ್ಕಿಂತ ಹೆಚ್ಚು ಇಳುವರಿ ತೋರಿಸಿತು. ಮೆಥನಾಲ್ ಆಗಬೇಕಾದದ್ದು ಆಮ್ಲಕ್ಕೆ ಅಂಟಿಕೊಂಡೇ ಉಳಿಯಿತು, ಅದಕ್ಕೇ ಸುಡಲಿಲ್ಲ. ಅದನ್ನು ಆಮ್ಲದಿಂದ ಬಿಡಿಸುವ ಖರ್ಚು ಮಾತ್ರ ಭಾರೀ. ತಾಮ್ರ ಕೂರಿಸಿದ ಜಿಯೋಲೈಟ್, ಅಂದರೆ ಸಣ್ಣ ಸಣ್ಣ ರಂಧ್ರಗಳಿರುವ ಖನಿಜ, ಅದರದು ಬೇರೆ ತೊಡಕು. 200 ಡಿಗ್ರಿ ಆಸುಪಾಸಿನಲ್ಲಿ ಅದು ಮೀಥೇನನ್ನು ಹಿಡಿಯುತ್ತದೆ, ಹಬೆ ಹಾಯಿಸಿದರೆ ಮೆಥನಾಲ್ ಹೊರಬರುತ್ತದೆ. ಆಮೇಲೆ ಆಮ್ಲಜನಕದಲ್ಲಿ ಮತ್ತೆ ಹೆಚ್ಚು ಬಿಸಿಗೆ ಕಾಯಿಸಿ ಆ ಜಿಯೋಲೈಟನ್ನು ಮುಂದಿನ ಸುತ್ತಿಗೆ ತಯಾರು ಮಾಡಬೇಕು. ಉಳಿಸಿದ ಬಿಸಿ ಅಲ್ಲಿ ಖರ್ಚಾಗುತ್ತದೆ.

'ಕಾರ್ಖಾನೆ ಯಾವಾಗ?' ಎಂದು ಆತುರ ಮಾಡುವವರಿಗೆ ನನ್ನ ವಿನಂತಿ. ಆ ತಾಮ್ರದ ಪರಮಾಣು ಆಮ್ಲಜನಕವನ್ನು ಹೇಗೆ ಹಿಡಿದುಕೊಂಡಿದೆ ಎಂದು ವರ್ಷಗಟ್ಟಲೆ ನೋಡುತ್ತಾ ಕೂರುವವರಿಗೂ ದುಡ್ಡು ಕೊಡಿ. ನಮ್ಮ ಎಂಎಸ್ಸಿ ಮಕ್ಕಳು ಈ ದಾರಿ ಹಿಡಿಯುತ್ತೇನೆಂದರೆ 'ಕೆಲಸ ಸಿಗುತ್ತಾ?' ಎಂದು ಮೊದಲೇ ಹೆದರಿಸಬೇಡಿ.