ಮೆತ್ತಿನ ಮೇಲಿನ ಕ್ಯಾಸೆಟ್‌ಗಳು

ಗ್ಲಾಸ್ಗೋದ ಕೆಲ್ವಿನ್ ಹಾಲ್‌ಗೆ ಮೊದಲ ಸಲ ಹೋದಾಗ ನಾನು ನೋಡಿದ್ದು ಮೀನು ಸೀಳುವ ಹೆಂಗಸರನ್ನು. ಸ್ಕಾಟ್ಲೆಂಡಿನ ಕರಾವಳಿಯ ಹಳೇ ಫಿಲ್ಮು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೆರಿಂಗ್ ಮೀನು ಸೀಳಿ, ಉಪ್ಪು ಹಾಕಿ ಪೀಪಾಯಿಗೆ ತುಂಬುತ್ತಿದ್ದರು. ನೋಡುತ್ತಿದ್ದ ಹಾಗೆ ಕಾರವಾರದ ಮೀನು ಮಾರ್ಕೆಟ್ ನೆನಪಾಯಿತು.

ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಫಿಲ್ಮ್ ಸಂಗ್ರಹ. 1976ರಲ್ಲಿ ಶುರುವಾದದ್ದು. ಯಾರು ಬೇಕಾದರೂ ಹೋಗಿ ಪುಕ್ಕಟೆ ನೋಡಬಹುದು. ನನಗೆ ಜಾಸ್ತಿ ಹಿಡಿಸಿದ್ದು ಬೇರೆ ಸಂಗತಿ. ಅಲ್ಲಿ ದೊಡ್ಡ ಸಿನಿಮಾಗಳಿಗಷ್ಟೇ ಅಲ್ಲ, ಯಾರದೋ ಮನೆಯವರು ತೆಗೆದ ಮದುವೆಗೂ ಊರಿನ ಮೆರವಣಿಗೆಗೂ ಜಾಗ ಇದೆ.

ನಮಗೂ 1964ರಿಂದ ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯ ಇದೆ. ಆದರೆ ಅದು ಹುಟ್ಟಿದ್ದು ಸಿನಿಮಾ ಕಾಪಾಡಲು. ಶಿರಸಿ ಸೀಮೆಯ ಮದುವೆ ಕ್ಯಾಸೆಟ್ ಕಾಯುವವರು ಯಾರು?

ನಮ್ಮ ಉತ್ತರ ಕನ್ನಡ ಜಿಲ್ಲೆ ಇರುವುದೇ ಅಂಥ ಕ್ಯಾಸೆಟ್‌ಗಳಲ್ಲಿ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಊರುಗಳ ಅಂಗಳ, ತುಳಸಿಕಟ್ಟೆ, ದೋಣಿ ಎಳೆದಿಟ್ಟ ದಂಡೆ, ಇವನ್ನೆಲ್ಲ ಇನ್ನು ಬೇರೆಲ್ಲಿ ನೋಡುವುದು? ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು. ಅದನ್ನು ದಾಟಿ ಸದಾಶಿವಗಡಕ್ಕೆ ಹೋದ ಎಷ್ಟು ದಿಬ್ಬಣಗಳ ವಿಡಿಯೋ ಯಾರ ಯಾರ ಕಪಾಟಿನಲ್ಲಿದೆಯೋ!

ನಮ್ಮ ಮಳೆಗಾಲ ಗೊತ್ತಲ್ಲ. ಕಪಾಟಿನೊಳಗಿನ ಸೀರೆಗೂ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಟೇಪಿಗೂ ಹಾಗೇ. ಹಳೇ ಫಿಲ್ಮ್ ಸುರುಳಿಯಾದರೆ ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಬರುತ್ತದೆ. ಹಾಗೆ ಬಂತು ಅಂದರೆ ಅದು ಒಳಗೇ ಕೊಳೆಯುತ್ತಿದೆ ಎಂದರ್ಥ. ಪಕ್ಕದ ಸುರುಳಿಗೂ ಹಬ್ಬುತ್ತದೆ. ಕ್ಯಾಸೆಟ್ ಹಾಕಿ ನೋಡೋಣ ಅಂದರೆ ವಿಸಿಆರ್ ತಯಾರಿಕೆಯೇ 2016ರಲ್ಲಿ ನಿಂತುಹೋಗಿದೆ.

ಮಾವನ ಮದುವೆಯ ಕ್ಯಾಸೆಟ್ ನಾನೇ ಕಳೆದುಕೊಂಡೆ. ಬೂಷ್ಟು ಹಿಡಿದದ್ದು ಕಂಡರೂ ಒಂದು ಸ್ಟುಡಿಯೋಕ್ಕೆ ಕೊಟ್ಟೆ. ಅವರು ಒರೆಸದೇ ಹಾಗೇ ಯಂತ್ರಕ್ಕೆ ಹಾಕಿದರು. ಟೇಪು ಸಿಕ್ಕಿಕೊಂಡು ತುಂಡಾಯಿತು. ಅದರಲ್ಲಿ ಅಮ್ಮಮ್ಮ ಧಾರೆಯ ಹೊತ್ತಿನ ಹಾಡು ಹೇಳಿದ್ದಳು. ಅವಳ ದನಿ ಇದ್ದದ್ದು ಅದೊಂದರಲ್ಲೇ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಾಪಾಡುವ ರೀತಿಯನ್ನು ನಾವು ಸ್ಕಾಟ್ಲೆಂಡಿನವರಿಂದ ಕಲಿಯಬೇಕು. ತೋರಿಸುವ ರೀತಿ ಮಾತ್ರ ನಮ್ಮದೇ ಇರಲಿ. ಗ್ಲಾಸ್ಗೋದಲ್ಲಿ ನಾನು ಒಬ್ಬನೇ ಕೂತು ನೋಡಿದೆ. ಆ ಹೆಂಗಸರು ಯಾರೆಂದು ಹೇಳುವವರು ಪಕ್ಕದಲ್ಲಿರಲಿಲ್ಲ. ನಮ್ಮಲ್ಲಿ ಯಕ್ಷಗಾನದ ಆಟ ಶುರುವಾಗುವ ಮೊದಲು ಅರ್ಧ ತಾಸು ಒಂದು ಬಿಳಿ ಬಟ್ಟೆ ಕಟ್ಟಿ ತೋರಿಸಿ ನೋಡಿ. "ಅದು ನಮ್ಮ ದೊಡ್ಡಪ್ಪ ಅಲ್ವಾ? ಪಕ್ಕದಲ್ಲಿ ನಿಂತವ ಯಾರು?" ಅಂತ ಇಡೀ ಬಯಲು ಮಾತಾಡುತ್ತದೆ. ಒಬ್ಬರು ಪಟ್ಟಿ ಹಿಡಿದು ಬರೆದುಕೊಂಡರೆ ಸಾಕು, ಹೆಸರು, ಮನೆ, ವರ್ಷ ಎಲ್ಲ ಸಿಗುತ್ತವೆ. ಆ ಹೆಸರು ಗೊತ್ತಿರುವ ಹಿರಿಯರು ಈಗ ಇದ್ದಾರೆ. ಶಿರಸಿ ಮಾರಿ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಪೇಟೆಯಲ್ಲಿ ಒಂದು ಮಳಿಗೆ ಇದಕ್ಕೆ ಬಿಟ್ಟುಕೊಡಲಾರರೇ?

ಮನೆಯ ಮೆತ್ತಿನ ಮೇಲೆ, ಅಂದರೆ ಅಟ್ಟದಲ್ಲಿ, ನಮ್ಮವು ಇನ್ನೂ ನಾಲ್ಕು ಕ್ಯಾಸೆಟ್ ಇವೆ. ಯಾವ ಯಂತ್ರಕ್ಕೂ ಹಾಕಬೇಡ, ಒಣ ಡಬ್ಬಿಯಲ್ಲಿ ನಿಲ್ಲಿಸಿಡು ಅಂತ ಆಯಿಗೆ ಹೇಳಿದ್ದೇನೆ. ಮಳೆ ಹಿಡಿಯುವ ಮೊದಲು ಊರಿಗೆ ಬರುತ್ತೇನೆ.